ಅಮ್ಮಮ್ಮನ ಫೋಟೋ ಮತ್ತು ಅಗಸೆ ಎಣ್ಣೆ

ನನ್ನ ಅಮ್ಮಮ್ಮನದೆಂದು ಉಳಿದಿರುವುದು ಸಾಗರದ ಸ್ಟುಡಿಯೋ ಒಂದರಲ್ಲಿ ತೆಗೆಸಿದ ಒಂದೇ ಫೋಟೋ. ಅದರಲ್ಲಿ ಅವರ ಕೈಗೆ ಕಟ್ಟಿರುವ ಗಡಿಯಾರ ಸ್ಟುಡಿಯೋದವರದ್ದು. ಕ್ಯಾಲಿಫೋರ್ನಿಯಾದ ಮನೆಯಲ್ಲಿ ನಾನು ಅದನ್ನು ತೈಲವರ್ಣದಲ್ಲಿ ಬರೆಯಲು ಹೊರಟದ್ದು ಚೀನೀ-ಅಮೆರಿಕನ್ ಕಲಾವಿದೆ ಹಂಗ್ ಲಿಯು ಅವರ ಚಿತ್ರಗಳನ್ನು ನೋಡಿದ ಮೇಲೆ.

1948ರಲ್ಲಿ ಚೀನಾದ ಚಾಂಗ್‌ಚುನ್‌ನಲ್ಲಿ ಹುಟ್ಟಿದ ಅವರು, ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ನಾಲ್ಕು ವರ್ಷ ಹೊಲಗಳಲ್ಲಿ ದುಡಿದು, 1984ರಲ್ಲಿ ಅಮೆರಿಕಕ್ಕೆ ಬಂದರು. 1991ರಲ್ಲಿ ಚೀನಾಕ್ಕೆ ಹೋದಾಗ ಅವರಿಗೆ ಸಿಕ್ಕ ಹಳೆಯ ಫೋಟೋಗಳಲ್ಲಿ, ಸ್ಟುಡಿಯೋದ ಸಾಮಾನುಗಳ ನಡುವೆ ನಿಲ್ಲಿಸಿದ ವೇಶ್ಯೆಯರ ಚಿತ್ರಗಳಿದ್ದವು. ಹೆಸರೂ ಉಳಿಯದ ಆ ಹೆಂಗಸರನ್ನು ದೊಡ್ಡ ಕ್ಯಾನ್ವಾಸುಗಳ ಮೇಲೆ ಬರೆದು, ಬಣ್ಣದ ಮೇಲೆ ಅಗಸೆ ಎಣ್ಣೆಯನ್ನು ಧಾರೆಯಾಗಿ ಇಳಿಯಬಿಟ್ಟರು.

ನಾನೂ ಹಾಗೆಯೇ ಮಾಡಿದೆ. ಕ್ಯಾನ್ವಾಸನ್ನು ನೇರ ನಿಲ್ಲಿಸಿ, ಎಣ್ಣೆಗೆ ಟರ್ಪೆಂಟೈನ್ ಬೆರೆಸಿ, ತುಂಬಿದ ಕುಂಚವನ್ನು ಬೈತಲೆಯ ಬಳಿ ಒತ್ತಿದೆ. ಮಿಶ್ರಣ ತೀರ ತೆಳುವಾಗಿತ್ತು. ಇನ್ನೂ ಹಸಿಯಿದ್ದ ಕಣ್ಣಿನ ಕಪ್ಪು ಕೆನ್ನೆಗಿಳಿದು ಗಲ್ಲದವರೆಗೆ ಹರಿಯಿತು. ವಿಡಿಯೋ ಕರೆಯಲ್ಲಿ ನೋಡಿದ ಅಮ್ಮ, “ನಮ್ಮಮ್ಮ ಯಾವತ್ತೂ ಅಳ್ತಾ ನಿಂತವಳಲ್ಲ ಕಣೆ” ಎಂದಳು.

ಆ ಮಾತು ಸರಿಯಾಗಿಯೇ ನಾಟಿತು. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ, ಫೋಟೋ ಇಟ್ಟುಕೊಳ್ಳುವುದೇ ಅಪಾಯವಾಗಿದ್ದ ದಿನಗಳಲ್ಲಿ ಲಿಯು ಅವರ ಮನೆಯವರು ತಮ್ಮ ಫೋಟೋಗಳನ್ನು ಸುಟ್ಟಿದ್ದರು. ಅವರ ಚಿತ್ರಗಳಲ್ಲಿ ಮುಖ ಕರಗುವುದಕ್ಕೆ ಆ ಹಿನ್ನೆಲೆಯಿದೆ. ನಮ್ಮ ಫೋಟೋವನ್ನು ಯಾರೂ ಸುಡಲಿಲ್ಲ, ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ತಿಂದಿತು, ಅದೂ ಸೆರಗಿನ ಕಡೆಯಿಂದ.

ಬಣ್ಣ ಕೆರೆದು ಮತ್ತೆ ಆರಂಭಿಸಿದೆ. ಕೆಳಗಿನ ಪದರಕ್ಕೆ ಕಡಿಮೆ ಎಣ್ಣೆ, ಮೇಲಿನದಕ್ಕೆ ಹೆಚ್ಚು ಎಂಬ ಹಳೆಯ ನಿಯಮವನ್ನು ಈ ಬಾರಿ ಮೀರಲಿಲ್ಲ, ಏಕೆಂದರೆ ಅದು ತಿರುವುಮುರುವಾದರೆ ಬಣ್ಣ ಬಿರುಕು ಬಿಡುತ್ತದೆ. ಮುಖ ಮುಟ್ಟಿದರೆ ಅಂಟದಷ್ಟು ಒಣಗಲು ಹತ್ತು ದಿನ ಬಿಟ್ಟು, ಬೂಷ್ಟು ಹಿಡಿದಿದ್ದ ಜಾಗಗಳಿಂದ ಮಾತ್ರ ಎಣ್ಣೆ ಇಳಿಯಬಿಟ್ಟೆ. (ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆಯಬಾರದು, ಅಗಸೆ ಎಣ್ಣೆ ಒಣಗುವಾಗ ಹುಟ್ಟುವ ಶಾಖಕ್ಕೆ ಅವು ತಾವಾಗಿಯೇ ಹೊತ್ತಿಕೊಳ್ಳಬಹುದು.) ಸೆರಗು ನೆರಿಗೆಗಳ ಕಡೆಗೆ ಕರಗಿ ಹರಿಯಿತು, ಮುಖ ಗಟ್ಟಿಯಾಗಿ ನಿಂತಿತು.

ಗಡಿಯಾರವನ್ನು ಮುಳ್ಳುಗಳ ಸಮೇತ ಸ್ಪಷ್ಟವಾಗಿ ಬರೆದಿದ್ದೇನೆ. ಫೋಟೋದಲ್ಲಿ ಸ್ಟುಡಿಯೋದವರ ಕೈ ಎದ್ದು ಕಾಣುವುದು ಅಲ್ಲಿಯೇ. ಅಮ್ಮನಿಗೆ ಇದು ಒಪ್ಪಿಗೆಯಿಲ್ಲ. ನಮ್ಮದಲ್ಲದ್ದನ್ನು ಅಷ್ಟು ಚೆಂದ ಮಾಡಿ ಯಾಕೆ ತೋರಿಸಬೇಕು, ಅಳಿಸಿಬಿಡು ಎಂದು ಪ್ರತಿ ಭಾನುವಾರದ ಕರೆಯಲ್ಲೂ ಹೇಳುತ್ತಾಳೆ.