ಮೋರಿಯ ಚರ್ಮದಲ್ಲಿ ಹಲ್ಲು ಹುಡುಕುವ ಕೆಲಸ

ಕಾರವಾರದ ಮೀನು ಪೇಟೆಯಲ್ಲಿ ಮೋರಿ, ಅಂದರೆ ಶಾರ್ಕ್ ಮೀನು, ಕೊಂಡವರು ಹೆಚ್ಚಾಗಿ ಚರ್ಮ ಸುಲಿಸಿಕೊಂಡೇ ಮನೆಗೆ ಒಯ್ಯುತ್ತಾರೆ. ಹಾಗೆ ಸುಲಿದು ಬಿಸಾಡುವ ಚರ್ಮ ನನಗೆ ಬೇಕು. ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವಳು ನಾನು. ಜೀವವಿಕಾಸದ ಪಾಠಕ್ಕೆ ಈ ಚರ್ಮಕ್ಕಿಂತ ಒಳ್ಳೆಯ ಸಾಮಗ್ರಿ ನನಗೆ ಇನ್ನೂ ಸಿಕ್ಕಿಲ್ಲ. ನಾನು ಖಾಯಂ ಮೀನು ಕೊಳ್ಳುವ ಅಕ್ಕ ಈಗ ಕೇಳುವ ಮೊದಲೇ ತೆಗೆದಿಟ್ಟಿರುತ್ತಾಳೆ.

"ಅಕ್ಕೋರೇ, ಈ ಸಿಪ್ಪೆ ತಕಂಡು ಎಂತ ಮಾಡ್ತ್ರಿ?"

"ಅದರಲ್ಲಿ ಹಲ್ಲು ಹುಡುಕ್ತೆ ಮಾರಾಯ್ತಿ."

ಮಾತು ನಿಜವೇ. ಮೋರಿಯ ಮೈಮೇಲೆ ತಲೆಯಿಂದ ಬಾಲದ ಕಡೆಗೆ ಕೈಯಾಡಿಸಿದರೆ ನುಣುಪು. ತಿರುಗಿಸಿ ಬಾಲದಿಂದ ತಲೆಯ ಕಡೆಗೆ ಎಳೆದರೆ ಮರಳುಕಾಗದದ ಹಾಗೆ ಕೆರೆಯುತ್ತದೆ. ಕೆರೆಯುವುದು ಚರ್ಮದಲ್ಲಿ ನೆಟ್ಟ ಲಕ್ಷಗಟ್ಟಲೆ ಪುಟ್ಟ ಹಲ್ಲುಗಳು. ಒಂದೊಂದರ ಒಳಗೂ ನಮ್ಮ ಹಲ್ಲಿನಲ್ಲಿರುವಂತೆ ತಿರುಳಿನ ಕುಳಿ, ಅದರ ಸುತ್ತ ಡೆಂಟೀನ್ ಎಂಬ ಮೂಳೆಯಂಥ ಭಾಗ, ಮೇಲೆ ದಂತಕವಚವನ್ನು (ಎನಾಮೆಲ್) ಹೋಲುವ ಗಟ್ಟಿ ಪದರ ಇದೆ. ಇವಕ್ಕೆ ಚರ್ಮದಂತಿಕೆ ಎನ್ನೋಣ.

ನಾನು ತೆಗೆದುಕೊಳ್ಳುವುದು ನಮ್ಮ ಪಶ್ಚಿಮ ಕರಾವಳಿಯಲ್ಲಿ ಧಾರಾಳವಾಗಿ ಸಿಗುವ ಸಣ್ಣ ಮೋರಿಯ ಚರ್ಮ ಮಾತ್ರ. ಶಾಸ್ತ್ರದಲ್ಲಿ ಅದರ ಹೆಸರು ಸ್ಕೋಲಿಯೋಡಾನ್. ತಿಮಿಂಗಿಲ ಶಾರ್ಕ್, ಗರಗಸ ಮೀನಿನಂಥವಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ, ಅವುಗಳ ತುಂಡನ್ನೂ ಮುಟ್ಟುವಂತಿಲ್ಲ. ಇದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡುತ್ತೇನೆ.

ಚರ್ಮದ ಒಳಬದಿಗೆ ಅಂಟಿದ ಮಾಂಸವನ್ನು ಚೂರಿಯಿಂದ ಕೆರೆದು ತೆಗೆಯಬೇಕು. ಅಂಚೆಚೀಟಿ ಗಾತ್ರದ ಒಂದು ತುಂಡು ಸಾಕು. ಬಟ್ಟೆ ಬಿಳಿ ಮಾಡಲು ಅಂಗಡಿಯಲ್ಲಿ ಸಿಗುವ ಬ್ಲೀಚ್ ದ್ರಾವಣಕ್ಕೆ ಅಷ್ಟೇ ನೀರು ಸೇರಿಸಿ, ಗಾಜಿನ ಬೀಕರಿನಲ್ಲಿ ಆ ತುಂಡನ್ನು ಮುಳುಗಿಸಿ ಕಿಟಕಿ ತೆರೆದಿಡುತ್ತೇನೆ. ಬ್ಲೀಚ್ ಪ್ರೋಟೀನನ್ನು ತಿನ್ನುತ್ತದೆ, ಖನಿಜವನ್ನು ಬಿಡುತ್ತದೆ. ಮೊದಲು ನೊರೆ ಏಳುತ್ತದೆ, ಆಮೇಲೆ ಚರ್ಮದ ಅಂಚು ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ, ಕೊನೆಗೆ ಚರ್ಮವೇ ಇಲ್ಲವಾಗಿ ತಳದಲ್ಲಿ ಬಿಳಿ ಪುಡಿ ಉಳಿಯುತ್ತದೆ. ಅಷ್ಟಾದ ತಕ್ಷಣ ದ್ರಾವಣ ಬಸಿದು, ನೀರು ಹಾಕಿ, ಪುಡಿ ತಳಕ್ಕೆ ಇಳಿದ ಮೇಲೆ ಮತ್ತೆ ಬಸಿದು, ವಾಸನೆ ಹೋಗುವ ತನಕ ತೊಳೆಯಬೇಕು. ಬ್ಲೀಚಿನಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಡೆಂಟೀನ್ ಒಳಗಿನ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನ್ ಕೂಡ ಹೋಗಿ ದಂತಿಕೆಗಳು ಪುಡಿಪುಡಿಯಾಗುತ್ತವೆ.

ಕಾಲೇಜಿನ ಸಾಧಾರಣ ಸೂಕ್ಷ್ಮದರ್ಶಕದ ಕೆಳಗೆ ಆ ಪುಡಿಯ ಒಂದು ಚಿಟಿಕೆ ಇಟ್ಟರೆ ಪ್ರತಿಯೊಂದು ಕಣಕ್ಕೂ ಆಕಾರ ಬರುತ್ತದೆ. ಮೇಲೆ ಚಪ್ಪಟೆ ಕಿರೀಟ, ಅದರ ಉದ್ದಕ್ಕೆ ಏಣುಗಳು, ಹಿಂದಕ್ಕೆ ಬಾಗಿದ ಚೂಪು ತುದಿಗಳು, ಕೆಳಗೆ ಸಪೂರ ಕತ್ತು, ಅದರಡಿಗೆ ಅಗಲವಾದ ಬುಡ. ಕೂದಲೆಳೆ ದಪ್ಪದ ಸೂಜಿಯಿಂದ ಒಂದನ್ನು ಮಗುಚಿದರೆ ಬುಡದಲ್ಲಿ ತೂತು ಕಾಣುತ್ತದೆ. ರಕ್ತನಾಳ ಒಳಗೆ ಹೋಗುತ್ತಿದ್ದ ದಾರಿ ಅದು. ನನ್ನ ವಿದ್ಯಾರ್ಥಿಗಳಲ್ಲಿ ಈ ತೂತು ನೋಡಿದವರು ಚರ್ಮದಲ್ಲಿ ಹಲ್ಲಿದೆ ಎಂಬುದನ್ನು ಮತ್ತೆ ಪ್ರಶ್ನಿಸಿದ್ದಿಲ್ಲ.

ಪ್ರಶ್ನೆ ಬರುವುದು ಬೇರೆ ಕಡೆಯಿಂದ: ಹಲ್ಲು ಬಾಯಿಯಿಂದ ಚರ್ಮಕ್ಕೆ ಬಂತೋ, ಚರ್ಮದಿಂದ ಬಾಯಿಗೆ ಹೋಯಿತೋ? ಚರ್ಮವೇ ಮೊದಲು ಎಂಬ ಕಡೆಗೆ ನಾನು ವಾಲುತ್ತೇನೆ. ದವಡೆಯೇ ಇಲ್ಲದಿದ್ದ ಪುರಾತನ ಕವಚದ ಮೀನುಗಳ ಮೈಮೇಲಿನ ಫಲಕಗಳಲ್ಲಿ ಡೆಂಟೀನಿನ ಗುಬುಟುಗಳಿದ್ದವು. ದಂತಕವಚದ ವಿಷಯದಲ್ಲಿ ಸಾಕ್ಷ್ಯ ಇನ್ನೂ ಗಟ್ಟಿ. 2015ರಲ್ಲಿ ಸ್ವೀಡನ್ ಮತ್ತು ಚೀನಾದ ಸಂಶೋಧಕರು ಎರಡು ಬಗೆಯ ಪುರಾವೆಗಳನ್ನು ಜೋಡಿಸಿ ನೋಡಿದರು. ಅಮೆರಿಕದ ನದಿಗಳಲ್ಲಿ ಇಂದಿಗೂ ಬದುಕಿರುವ ಗಾರ್ ಮೀನಿನ ಹುರುಪೆಯ ಮೇಲಿನ ಹೊಳಪು ಪದರಕ್ಕೆ ಗ್ಯಾನೋಯಿನ್ ಎನ್ನುತ್ತಾರೆ. ನಮ್ಮ ಹಲ್ಲಿನ ಕವಚ ಕಟ್ಟುವ ಪ್ರೋಟೀನುಗಳ ಬಂಧುಗಳು ಗಾರ್ ಮೀನಿನ ಚರ್ಮದಲ್ಲಿ ಕೆಲಸ ಮಾಡುತ್ತಿದ್ದವು. ಇನ್ನು ಸುಮಾರು 42 ಕೋಟಿ ವರ್ಷ ಹಳೆಯ ಪಳೆಯುಳಿಕೆಗಳು: ಆಂಡ್ರಿಯೋಲೆಪಿಸ್ ಎಂಬ ಮೀನಿಗೆ ಹುರುಪೆಯ ಮೇಲೆ ಮಾತ್ರ ದಂತಕವಚವಿತ್ತು; ಸಾರೋಲೆಪಿಸ್‌ಗೆ ಹುರುಪೆ ಮತ್ತು ಮುಖದ ಮೇಲೆ ಇತ್ತು, ಬಾಯಿಯ ಹಲ್ಲಿನ ಮೇಲೆ ಇರಲಿಲ್ಲ. ನಾವು ಹಲ್ಲುಜ್ಜುವಾಗ ಉಜ್ಜುವ ಆ ಪದರ ಮೊದಲು ಮೈಗೆ ಬಂದದ್ದು, ಬಾಯಿಗೆ ಬಂದದ್ದು ಆಮೇಲೆ.

ಈ ಪ್ರೋಟೀನುಗಳ ಮನೆತನದ ಕಥೆಯನ್ನು ನಾನು ಬೋರ್ಡಿನ ಮೇಲೆ ವಂಶವೃಕ್ಷ ಬರೆದೇ ಹೇಳುವುದು. ಬೇರಿನಲ್ಲಿ ಸ್ಪಾರ್ಕ್ ಎಂಬ ಹಳೆಯ ಜೀನ್. ಅದರ ಪ್ರೋಟೀನ್ ಕ್ಯಾಲ್ಸಿಯಮ್ಮನ್ನೂ ಹಿಡಿಯುತ್ತದೆ, ಕೊಲಾಜೆನ್ನನ್ನೂ ಹಿಡಿಯುತ್ತದೆ. ಅದು ನಕಲಾಗಿ ಇನ್ನೊಂದು ಜೀನ್ ಆಯಿತು. ಆ ನಕಲಿನಿಂದ ಪಕ್ಕಪಕ್ಕದಲ್ಲೇ ಮತ್ತೆ ಮತ್ತೆ ನಕಲುಗಳು ಹುಟ್ಟಿ ಎಸ್‌ಸಿಪಿಪಿ ಎಂಬ, ಕ್ಯಾಲ್ಸಿಯಂ ಹಿಡಿಯುವ ಪ್ರೋಟೀನುಗಳ ಕುಟುಂಬವೇ ಬೆಳೆಯಿತು. ಕವಾಸಾಕಿ ಮತ್ತು ವೈಸ್ ಎಂಬ ಸಂಶೋಧಕರು 2003ರಲ್ಲಿ ಈ ಸಂಬಂಧವನ್ನು ತೋರಿಸಿದರು. ದಂತಕವಚದ ಪ್ರೋಟೀನುಗಳು, ಮೂಳೆಯ ಕೆಲವು ಪ್ರೋಟೀನುಗಳು, ಜೊಲ್ಲಿನಲ್ಲಿರುವ ಕೆಲವು, ಕೊನೆಗೆ ಹಾಲಿನ ಕೇಸೀನ್ ಕೂಡ ಇದೇ ಕುಟುಂಬದವು. ಹೆಚ್ಚಿನವುಗಳ ಕೆಲಸದಲ್ಲಿ ಕ್ಯಾಲ್ಸಿಯಂ ಇದೆ. ಮೊಸರು ಕಡೆದ ಮನೆಯಿಂದ ಬಂದ ಮಕ್ಕಳಿಗೆ ಇದು ಬಹಳ ಹಿಡಿಸುತ್ತದೆ, ನನಗೂ ಹಾಗೆಯೇ.

ಹಾಗಾದರೆ ಮೋರಿಯಲ್ಲಿ? 2014ರಲ್ಲಿ ಸಿಂಗಪುರದ ಬೈರಪ್ಪ ವೆಂಕಟೇಶ್ ಅವರ ತಂಡ ಎಲಿಫೆಂಟ್ ಶಾರ್ಕಿನ ಇಡೀ ಜೀನೋಮನ್ನು, ಅಂದರೆ ಜೀನ್‌ಗಳ ಪೂರ್ತಿ ಕಂತೆಯನ್ನು, ಓದಿದಾಗ ಸ್ಪಾರ್ಕ್ ಇತ್ತು, ಎಸ್‌ಸಿಪಿಪಿ ಕುಟುಂಬ ಸಿಗಲಿಲ್ಲ. ಇಂಥ ಮೀನುಗಳ ಅಸ್ಥಿಪಂಜರದ ಮೃದ್ವಸ್ಥಿ (ಮೆತ್ತನೆಯ ಎಲುಬು) ಮೂಳೆಯಾಗದೆ ಉಳಿಯಲು ಇದೇ ಕಾರಣವಿರಬಹುದು ಎಂದು ಅವರು ಮುಂದಿಟ್ಟರು. ಆದರೆ ಎಲಿಫೆಂಟ್ ಶಾರ್ಕ್ ಹೆಸರಿಗಷ್ಟೇ ಶಾರ್ಕ್. ಅದು ಕೈಮೀರಾ ಎಂಬ ಬೇರೆ ಕವಲಿನದು. 2022ರಲ್ಲಿ ನಿಜವಾದ ಶಾರ್ಕ್ ಮತ್ತು ತೊರಕೆ (ರೇ) ಜಾತಿಯ ಮೀನುಗಳಲ್ಲಿ ಈ ಕುಟುಂಬದ ಜೀನ್‌ಗಳು ಸಿಕ್ಕಿವೆ, ಅವು ಎಲುಬು ಮೀನುಗಳಿಂದ ಬೇರೆಯಾಗಿಯೇ ತಮ್ಮ ದಾರಿಯಲ್ಲಿ ಬೆಳೆದವು. ಶಾರ್ಕಿಗೆ ಇವಿಲ್ಲ ಎಂದು ಇನ್ನೂ ಬರೆಯುವವರಿದ್ದಾರೆ. ಆ ಸಾಲನ್ನು ತಿದ್ದಬೇಕು. ಅದರ ಜೊತೆಗೆ ಶಾರ್ಕಿಗೆ ಹಚ್ಚುವ "ಆದಿಮ ಮೀನು" ಎಂಬ ಮಾತನ್ನೂ ಹಿಡಿತದಲ್ಲಿಟ್ಟು ಬಳಸಬೇಕು. 2020ರಲ್ಲಿ ಮಂಗೋಲಿಯಾದ ಮಿಂಜಿನಿಯಾ ಎಂಬ ಸುಮಾರು 41 ಕೋಟಿ ವರ್ಷದ ಕವಚದ ಮೀನಿನ ತಲೆಯೊಳಗೆ ಮೂಳೆ ಕಂಡಿತು. ಅಂದರೆ ಶಾರ್ಕಿನ ಹಿರಿಯರಿಗೂ ಮೂಳೆ ಇದ್ದು, ಶಾರ್ಕು ಅದನ್ನು ಕಳೆದುಕೊಂಡಿರುವ ಸಾಧ್ಯತೆಯೇ ಹೆಚ್ಚು. ಪೇಟೆಯ ಬುಟ್ಟಿಯಲ್ಲಿರುವ ಮೋರಿ ನಮ್ಮಷ್ಟೇ ಕಾಲ ಬದಲಾಗುತ್ತ ಬಂದ ಜೀವಿ.

ಇನ್ನು ಎರಡನೆಯ ಪ್ರಯೋಗ, ಬ್ಲೀಚಿಗೆ ತದ್ವಿರುದ್ಧ. ಕಾಳಿ ನದಿಯ ಹಿನ್ನೀರಿನ ಶೇವ್ಟೆ (ಮಲೆಟ್) ಮೀನಿಗೆ ಒಳ್ಳೆಯ ದೊಡ್ಡ ಹುರುಪೆ. ನಾಲ್ಕಾರು ಹುರುಪೆ ತೊಳೆದು ಬಿಳಿ ವಿನೆಗರಿನಲ್ಲಿ ಹಾಕಿಡಿ. ಆಮ್ಲ ಖನಿಜವನ್ನು ಕರಗಿಸಿ ಪ್ರೋಟೀನನ್ನು ಬಿಡುತ್ತದೆ. ಉಗುರಿನಲ್ಲಿ ಬಾಗಿಸಿದರೆ ಪುಟಿಯುತ್ತಿದ್ದ ಹುರುಪೆ ಆಮೇಲೆ ಮಡಚಿದಂತೆ ಮಡಚಿಕೊಳ್ಳುತ್ತದೆ. ಉಳಿದದ್ದು ಬಹುಪಾಲು ಕೊಲಾಜೆನ್: ಪದರದ ಮೇಲೆ ಪದರ, ಪ್ರತಿ ಪದರದ ಎಳೆಗಳು ಬೇರೆ ಬೇರೆ ದಿಕ್ಕಿಗೆ. ಒಂದು ಎಚ್ಚರಿಕೆ: ಬ್ಲೀಚಿನ ಪಾತ್ರೆಗೆ ವಿನೆಗರ್ ತಾಗಿಸಲೇಬಾರದು, ಕ್ಲೋರಿನ್ ಅನಿಲ ಬರುತ್ತದೆ. ನಾನು ಎರಡನ್ನೂ ಒಂದೇ ದಿನ ಹೊರಗೆ ತೆಗೆಯುವುದಿಲ್ಲ.

ಕೊಲಾಜೆನ್ ಎಸ್‌ಸಿಪಿಪಿಗಿಂತ ಎಷ್ಟೋ ಹಳೆಯದು, ಸ್ಪಂಜುಗಳಲ್ಲೂ ಇದೆ. ಚರ್ಮದ ಮೊದಲನೆಯ ನಮೂನೆಯ (ಟೈಪ್ 1) ಕೊಲಾಜೆನ್ ಮೂರು ಸರಪಳಿ ಹೆಣೆದದ್ದು. ನಮ್ಮಲ್ಲಿ ಅದಕ್ಕೆ ಎರಡು ಬಗೆಯ ಸರಪಳಿಗಳಿವೆ. ಬಂಗುಡೆ, ಶೇವ್ಟೆಯಂಥ ಎಲುಬು ಮೀನುಗಳ ಹಿರಿಯರಲ್ಲಿ 30 ಕೋಟಿ ವರ್ಷಕ್ಕೂ ಹಿಂದೆ ಇಡೀ ಜೀನೋಮೇ ಒಮ್ಮೆ ಇಮ್ಮಡಿಯಾಯಿತು. ಆ ನಕಲಿನಿಂದ ಅವಕ್ಕೆ ಮೂರನೆಯ ಬಗೆಯ ಸರಪಳಿ ಸಿಕ್ಕಿತು.

ಇದನ್ನು ಕಣ್ಣಿಗೆ ಕಾಣಿಸಲಾಗದು, ಆದರೆ ಕೊಲಾಜೆನ್ ಮೀನಿನ ಮೈಯ ಬಿಸಿಗೆ ಹೊಂದಿಕೊಂಡದ್ದನ್ನು ಕಾಣಿಸಬಹುದು. ಶೇವ್ಟೆಯ ಚರ್ಮವನ್ನು ತೆಳು ವಿನೆಗರಿನಲ್ಲಿ ಉಬ್ಬಿಸಿ, ಚೆನ್ನಾಗಿ ತೊಳೆದು, ಕೈ ತಾಳದಷ್ಟು ಬಿಸಿ ನೀರಿನಲ್ಲಿ ಕುದಿಸದೆ ಕೆಲವು ತಾಸು ಇಟ್ಟು ಸೋಸಿದರೆ ಅದರ ಕೊಲಾಜೆನ್ ಜೆಲಟಿನ್ ಆಗಿ ಸಿಗುತ್ತದೆ. ಅಂಗಡಿಯ ದನದ ಜೆಲಟಿನ್ನನ್ನೂ ಕರಗಿಸಿ ಎರಡನ್ನೂ ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿಸಿ, ಒಟ್ಟಿಗೇ ಮೇಜಿನ ಮೇಲಿಟ್ಟರೆ ಮೀನಿನದು ಮೊದಲು ಕರಗುತ್ತದೆ. ಸರಪಳಿಗಳನ್ನು ಬಿಗಿಯಾಗಿ ಹಿಡಿದಿಡುವ ಹೈಡ್ರಾಕ್ಸಿಪ್ರೋಲಿನ್ ಎಂಬ ಅಮೈನೋ ಆಮ್ಲ ಮೀನಿನಲ್ಲಿ ಕಡಿಮೆ. ತಣ್ಣನೆಯ ಕಡಲಿನ ಕಾಡ್ ಮೀನಿನಲ್ಲಿ ಇನ್ನೂ ಕಡಿಮೆ. ಅದರ ಜೆಲಟಿನ್ ನಮ್ಮ ಸೆಖೆಗೆ ಹೆಪ್ಪುಗಟ್ಟುವುದೇ ಇಲ್ಲ.

ಘಟ್ಟದ ಮೇಲಿನ ಶಿರಸಿ ಕಡೆಯ ಶಿಕ್ಷಕರು ಹಸಿ ಮೋರಿ ಎಲ್ಲಿಂದ ತರುವುದು ಎಂದು ಕೇಳುತ್ತಾರೆ. ಹುರುಪೆಯ ಪ್ರಯೋಗಕ್ಕೆ ಕೆರೆಯ ಕಾಟ್ಲಾ ಸಾಕು. ದಂತಿಕೆಗೆ ಹಸಿ ಚರ್ಮವೇ ಆಗಬೇಕೆಂದಿಲ್ಲ: ಚರ್ಮ ಸಮೇತ ಒಣಗಿಸಿದ ಉಪ್ಪು ಮೋರಿಯ ತುಂಡು ಸಿಕ್ಕರೆ ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಉಪ್ಪು ಬಿಡಿಸಿ, ಬ್ಲೀಚಿಗೆ ಹಾಕಿ. ಖನಿಜಕ್ಕೆ ಒಣಗಿಸಿದ್ದರಿಂದ ಏನೂ ಆಗಿರುವುದಿಲ್ಲ.