ಆ್ಯಂಟಿಬಯೋಟಿಕ್, ಇನ್‌ಹೇಲರ್ ತೆಗೆದುಕೊಳ್ಳುವವರ ಆರೈಕೆ ಹೇಗೆ?

ನ್ಯುಮೋನಿಯಾ ಆಗಿಯೋ, ಅಸ್ತಮಾ ಜೋರಾಗಿಯೋ ಆಸ್ಪತ್ರೆ ಸೇರಿದವರು ಮನೆಗೆ ಬರುವಾಗ ಜೊತೆಗೊಂದು ಔಷಧಿ ಚೀಲವೂ ಬರುತ್ತದೆ. ಅದರಲ್ಲಿ ಒಂದು ಆ್ಯಂಟಿಬಯೋಟಿಕ್, ಒಂದೆರಡು ಇನ್‌ಹೇಲರ್, ಕೆಮ್ಮಿನ ಸಿರಪ್, ಕೆಲವು ದಿನಕ್ಕಾಗುವಷ್ಟು ಸ್ಟೀರಾಯ್ಡ್ ಮಾತ್ರೆ. ಹೊತ್ತು ಹೊತ್ತಿಗೆ ಕೊಟ್ಟರೆ ಆಯಿತು ಅಂತ ಮನೆಯವರು ಅಂದುಕೊಳ್ಳುತ್ತಾರೆ. ಕೊಡುವುದು ಅರ್ಧ ಕೆಲಸ ಅಷ್ಟೆ. ಕೊಡುವ ಮೊದಲು ಏನು ಕೇಳಬೇಕು, ಕೊಟ್ಟ ಮೇಲೆ ಏನು ನೋಡುತ್ತಿರಬೇಕು ಅನ್ನುವುದು ಇನ್ನರ್ಧ. ವಾರ್ಡಿನಲ್ಲಿ ನರ್ಸ್‌ಗಳು ದಿನವಿಡೀ ಮಾಡುವುದು ಇದನ್ನೇ. ಮನೆಯಲ್ಲಿ ನೀವೂ ಮಾಡಬಹುದು.

ಮೊದಲ ಡೋಸ್‌ಗೂ ಮುಂಚೆ

ಮೊದಲು ಅಲರ್ಜಿ ಕೇಳಿ. "ನಂಗೆ ಪೆನಿಸಿಲಿನ್ ಆಗಲ್ಲ" ಅಂದರೆ ಅಲ್ಲಿಗೇ ಬಿಡಬೇಡಿ. ಏನಾಗಿತ್ತು, ತೆಗೆದುಕೊಂಡ ಎಷ್ಟು ಹೊತ್ತಿಗೆ ಆಗಿತ್ತು ಅಂತ ಕೇಳಿ. ಹೊಟ್ಟೆ ತೊಳಸಿದ್ದರೆ ಅದು ಅಡ್ಡ ಪರಿಣಾಮ, ಅಲರ್ಜಿ ಅಲ್ಲ. ಮೈಮೇಲೆ ದದ್ದು ಎದ್ದಿದ್ದರೆ, ತುಟಿ ಊದಿದ್ದರೆ, ಉಸಿರು ಕಟ್ಟಿದ್ದರೆ ವೈದ್ಯರಿಗೆ ತಿಳಿಸದೆ ಆ ಗುಂಪಿನ ಯಾವ ಔಷಧಿಯನ್ನೂ ಕೊಡಬೇಡಿ. ಅಮಾಕ್ಸಿಸಿಲಿನ್, ಆಂಪಿಸಿಲಿನ್ ಎರಡೂ ಪೆನಿಸಿಲಿನ್ ಗುಂಪಿನವೇ. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವುದು ಕಂಪನಿ ಇಟ್ಟ ಹೆಸರು. ಔಷಧಿಯ ನಿಜವಾದ ಹೆಸರು ಕೆಳಗೆ ಸಣ್ಣ ಅಕ್ಷರದಲ್ಲಿರುತ್ತದೆ, ಅದನ್ನು ಓದಿ.

ಆಮೇಲೆ ರೋಗಿ ಬೇರೆ ಏನೇನು ತೆಗೆದುಕೊಳ್ಳುತ್ತಿದ್ದಾರೆ ಅನ್ನುವ ಪಟ್ಟಿ. ರಕ್ತ ತೆಳು ಮಾಡುವ ವಾರ್ಫರಿನ್, ಹೃದಯದ ಮಾತ್ರೆ, ಫಿಟ್ಸ್ ಮಾತ್ರೆ, ಅಸ್ತಮಾಗೆ ಹಳೆಯ ಥಿಯೋಫಿಲಿನ್ ಎಲ್ಲವೂ ಅದರಲ್ಲಿರಲಿ. ಕಣ್ಣಿನ ಡ್ರಾಪ್ಸ್ ಹೇಳುವುದನ್ನು ಬಹಳ ಜನ ಮರೆಯುತ್ತಾರೆ. ಗ್ಲಾಕೋಮಾಗೆ (ಕಣ್ಣಿನ ನರಕ್ಕೆ ಹಾನಿ ಮಾಡುವ ಕಾಯಿಲೆ) ಹಾಕುವ ಟಿಮೊಲಾಲ್ ಡ್ರಾಪ್ಸ್ ಕಣ್ಣಿಂದ ರಕ್ತಕ್ಕೆ ಸೇರಿ, ಅಸ್ತಮಾ ಇರುವವರ ಶ್ವಾಸನಾಳವನ್ನು ಬಿಗಿ ಮಾಡಬಲ್ಲದು. ಕಿಡ್ನಿ ತೊಂದರೆ ಇದ್ದರೆ, ಗರ್ಭಿಣಿಯಾಗಿದ್ದರೆ, ಮಗುವಿಗೆ ಹಾಲು ಕುಡಿಸುತ್ತಿದ್ದರೆ ಅದನ್ನೂ ಹೇಳಿ.

ಕಫದ ಪರೀಕ್ಷೆ ಬರೆದಿದ್ದರೆ, ಆದಷ್ಟು ಮಟ್ಟಿಗೆ ಮೊದಲ ಡೋಸ್‌ಗೂ ಮುಂಚೆಯೇ ಸ್ಯಾಂಪಲ್ ಕೊಡಬೇಕು. ಬೆಳಿಗ್ಗೆ ಎದ್ದು, ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಎದೆಯಾಳದಿಂದ ಕೆಮ್ಮಿ ತೆಗೆದ ಕಫ ಬೇಕು. ಎಂಜಲು ಕೊಟ್ಟರೆ ಪ್ರಯೋಜನವಿಲ್ಲ. ರೋಗಿಯ ಸ್ಥಿತಿ ತೀರಾ ಗಂಭೀರವಾಗಿದ್ದರೆ ಮಾತ್ರ ವೈದ್ಯರು ಸ್ಯಾಂಪಲ್‌ಗೆ ಕಾಯುವುದಿಲ್ಲ.

ಒಂದು ನಿಮಿಷ ಉಸಿರು ಎಣಿಸಿ

ಜ್ವರ, ನಾಡಿ, ಆಮ್ಲಜನಕದ ಮಟ್ಟವನ್ನು ಎಲ್ಲರೂ ನೋಡುತ್ತಾರೆ. ಉಸಿರಾಟದ ವೇಗ ಎಣಿಸುವವರು ಕಡಿಮೆ. ನನ್ನ ಮಟ್ಟಿಗೆ ಶ್ವಾಸಕೋಶದ ರೋಗಿಯಲ್ಲಿ ಇದಕ್ಕಿಂತ ಮುಖ್ಯವಾದ ಲೆಕ್ಕ ಇನ್ನೊಂದಿಲ್ಲ. ಆಮ್ಲಜನಕ ಕುಸಿಯುವ ಮೊದಲೇ ಎಷ್ಟೋ ಸಲ ಉಸಿರಾಟದ ವೇಗ ಏರಿರುತ್ತದೆ.

"ಉಸಿರು ಎಣಿಸ್ತೀನಿ" ಅಂತ ಹೇಳಲೇಬೇಡಿ. ಹೇಳಿದ ಕೂಡಲೇ ಉಸಿರಾಡುವ ರೀತಿಯೇ ಬದಲಾಗುತ್ತದೆ. ನಾಡಿ ನೋಡುವವರ ಹಾಗೆ ಮಣಿಕಟ್ಟು ಹಿಡಿದುಕೊಳ್ಳಿ. ಕಣ್ಣು ಎದೆಯ ಮೇಲಿರಲಿ. ಎದೆ ಒಮ್ಮೆ ಏರಿ ಇಳಿದರೆ ಒಂದು. ಹೀಗೆ ಪೂರ್ತಿ ಒಂದು ನಿಮಿಷ ಎಣಿಸಿ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡಿ. ಸುಮ್ಮನೆ ಕೂತಿರುವ ದೊಡ್ಡವರಲ್ಲಿ 12ರಿಂದ 20 ಇದ್ದರೆ ಸಾಮಾನ್ಯ. 25 ಅಥವಾ ಜಾಸ್ತಿ ಇದ್ದರೆ ವೈದ್ಯರಿಗೆ ತಡಮಾಡದೆ ತಿಳಿಸಿ. ಕೆಮ್ಮು, ನೆಗಡಿ ಇರುವ ಮಕ್ಕಳ ಲೆಕ್ಕ ಬೇರೆ. 2ರಿಂದ 11 ತಿಂಗಳ ಮಗುವಿಗೆ 50 ಅಥವಾ ಮೇಲೆ, 1ರಿಂದ 5 ವರ್ಷದ ಮಗುವಿಗೆ 40 ಅಥವಾ ಮೇಲೆ ಇದ್ದರೆ ವೇಗದ ಉಸಿರಾಟ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಬೆರಳಿಗೆ ಹಾಕುವ ಆಕ್ಸಿಮೀಟರ್ ಬಳಸುವಾಗ ಉಗುರಿನ ಬಣ್ಣ ತೆಗೆಸಿ, ತಣ್ಣಗಿರುವ ಕೈ ಬೆಚ್ಚಗಾಗಲು ಬಿಡಿ. ಎಲ್ಲವನ್ನೂ ದಿನಾಂಕ, ಸಮಯದ ಜೊತೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಆ್ಯಂಟಿಬಯೋಟಿಕ್ ಕೊಡುವ ಕ್ರಮ

ದಿನಕ್ಕೆ ಮೂರು ಸಲ ಅಂದರೆ ಹೆಚ್ಚುಕಡಿಮೆ 8 ಗಂಟೆಗೊಮ್ಮೆ. ಎರಡು ಸಲ ಅಂದರೆ 12 ಗಂಟೆಗೊಮ್ಮೆ. ರಕ್ತದಲ್ಲಿ ಔಷಧಿಯ ಮಟ್ಟ ಒಂದೇ ಸಮ ಇರಬೇಕಾದ್ದರಿಂದ ಅಂತರ ಮುಖ್ಯ. ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ.

ಊಟದ ಜೊತೆಗೋ, ಖಾಲಿ ಹೊಟ್ಟೆಗೋ ಅನ್ನುವುದು ಔಷಧಿಯಿಂದ ಔಷಧಿಗೆ ಬೇರೆ. ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನೇಟ್ ಸೇರಿರುವ ಮಾತ್ರೆಯನ್ನು ಊಟ ಶುರು ಮಾಡುವಾಗ ಕೊಟ್ಟರೆ ಹೊಟ್ಟೆಗೆ ಹಿತ. ಡಾಕ್ಸಿಸೈಕ್ಲಿನ್ ಅನ್ನು ದೊಡ್ಡ ಲೋಟದ ತುಂಬ ನೀರಿನ ಜೊತೆ ಕೊಡಬೇಕು, ಆಮೇಲೆ ಕನಿಷ್ಠ ಅರ್ಧ ಗಂಟೆ ಮಲಗಬಾರದು. ಗುಟುಕು ನೀರಿನಲ್ಲಿ ನುಂಗಿ ಮಲಗಿದರೆ ಮಾತ್ರೆ ಅನ್ನನಾಳದಲ್ಲೇ ಅಂಟಿಕೊಂಡು ಹುಣ್ಣು ಮಾಡುತ್ತದೆ. ಬಿಸಿಲಿಗೆ ಚರ್ಮ ಬೇಗ ಸುಡುವುದೂ ಇದೇ ಔಷಧಿಯ ಗುಣ.

ಸಿಪ್ರೊಫ್ಲಾಕ್ಸಸಿನ್ ವಿಷಯದಲ್ಲಿ ಹಾಲು, ಮೊಸರು, ಕ್ಯಾಲ್ಸಿಯಂ, ಕಬ್ಬಿಣಾಂಶದ ಮಾತ್ರೆ, ಆ್ಯಂಟಾಸಿಡ್ ಇವುಗಳಿಂದ ದೂರ ಇರಬೇಕು. ಹೊಟ್ಟೆಯಲ್ಲಿ ಇವು ಔಷಧಿಯನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಇವುಗಳಿಗೆ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ಕೊಡುವುದು ರೂಢಿ. ಹೊಟ್ಟೆ ಉರಿಯುತ್ತೆ ಅಂತ ಆ್ಯಂಟಿಬಯೋಟಿಕ್ ಜೊತೆಗೇ ಆ್ಯಂಟಾಸಿಡ್ ಕುಡಿಸುವ ಅಭ್ಯಾಸ ಎಷ್ಟು ಮನೆಗಳಲ್ಲಿದೆ ಅಲ್ವಾ? ಔಷಧಿ ಕೊಟ್ಟೂ ಕೊಡದ ಹಾಗಾಗುತ್ತದೆ.

ಮಕ್ಕಳ ಸಿರಪ್ಪಿನ ಪುಡಿ ಕಲಸುವಾಗ ಆತುರ ಬೇಡ. ಮೊದಲು ಬಾಟಲಿಯನ್ನು ತಟ್ಟಿ ಗಟ್ಟಿಯಾದ ಪುಡಿ ಸಡಿಲಿಸಿ. ಕಾಯಿಸಿ ಆರಿಸಿದ ನೀರನ್ನು ಗೆರೆಗಿಂತ ಸ್ವಲ್ಪ ಕೆಳಗಿನವರೆಗೆ ಹಾಕಿ ಚೆನ್ನಾಗಿ ಕುಲುಕಿ. ನೊರೆ ಇಳಿಯಲಿ. ಆಮೇಲೆ ಗೆರೆ ಮುಟ್ಟುವಷ್ಟು ನೀರು ಸೇರಿಸಿ. ನೊರೆಯನ್ನೇ ನೀರಿನ ಮಟ್ಟ ಅಂದುಕೊಂಡರೆ ಔಷಧಿ ಗಟ್ಟಿಯಾಗಿ, ಪ್ರತಿ ಡೋಸೂ ಜಾಸ್ತಿಯಾಗುತ್ತದೆ. ಕಲಸಿದ ದಿನಾಂಕ ಬಾಟಲಿಯ ಮೇಲೆ ಬರೆಯಿರಿ. ಫ್ರಿಜ್‌ನಲ್ಲಿ ಇಡಬೇಕೋ ಬೇಡವೋ, ಎಷ್ಟು ದಿನಕ್ಕೆ ಚೆಲ್ಲಬೇಕು ಅನ್ನುವುದು ಲೇಬಲ್ಲಿನಲ್ಲಿರುತ್ತದೆ. ಅಡುಗೆಮನೆಯ ಚಮಚದಲ್ಲಿ ಅಳೆಯಬೇಡಿ, ಮಿಲಿಲೀಟರ್ ಗುರುತಿರುವ ಸಿರಿಂಜ್ ಬಳಸಿ.

ಒಂದು ಡೋಸ್ ಮರೆತರೆ ನೆನಪಾದಾಗ ಕೊಡಿ. ಮುಂದಿನ ಡೋಸ್ ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಟ್ಟುಬಿಡಿ. ಎರಡನ್ನೂ ಒಟ್ಟಿಗೆ ಕೊಡಬೇಡಿ.

ಎಷ್ಟು ದಿನ? ವೈದ್ಯರು ಬರೆದಷ್ಟು ದಿನ. ಜ್ವರ ಬಿಟ್ಟಿತು ಅಂತ ಮೂರನೇ ದಿನಕ್ಕೆ ನೀವೇ ನಿಲ್ಲಿಸಬೇಡಿ, ಕೆಮ್ಮು ಉಳಿದಿದೆ ಅಂತ ಇನ್ನೊಂದು ಸ್ಟ್ರಿಪ್ ತಂದು ಮುಂದುವರಿಸಲೂಬೇಡಿ. ನ್ಯುಮೋನಿಯಾ ವಾಸಿಯಾದ ಮೇಲೂ ಕೆಮ್ಮು ಕೆಲವು ವಾರ ಉಳಿಯುವುದುಂಟು. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಉಪನ್ಯಾಸದಲ್ಲೇ, ಅರೆಬರೆ ಡೋಸ್ ತೆಗೆದುಕೊಂಡರೆ ರೋಗಾಣುಗಳು ಔಷಧಿಗೆ ಬಗ್ಗದಂತಾಗುತ್ತವೆ ಎಂದು ಎಚ್ಚರಿಸಿದ್ದರು. ಉಳಿದ ಮಾತ್ರೆಯನ್ನು ಮುಂದಿನ ನೆಗಡಿಗೆ ಅಂತ ಎತ್ತಿಡುವುದೂ ತಪ್ಪು. ನೆಗಡಿ ವೈರಸ್‌ನಿಂದ ಬರುವುದು, ಆ್ಯಂಟಿಬಯೋಟಿಕ್‌ಗೆ ಅದು ಜಗ್ಗುವುದಿಲ್ಲ.

ಕೊಟ್ಟ ಮೇಲೆ ಏನು ನೋಡಬೇಕು?

ಗಂಭೀರ ಅಲರ್ಜಿ ಸಾಮಾನ್ಯವಾಗಿ ಕೆಲವು ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಕಾಣಿಸುತ್ತದೆ. ಹಾಗಾಗಿ ಹೊಸ ಔಷಧಿಯ ಮೊದಲ ಡೋಸ್ ಕೊಟ್ಟು ಹೊರಗೆ ಹೋಗಬೇಡಿ. ದದ್ದು, ತುಟಿ ನಾಲಿಗೆ ಊತ, ಧ್ವನಿ ಒಡೆಯುವುದು, ಹೊಸದಾಗಿ ಸುಯ್ ಸುಯ್ ಶಬ್ದ, ತಲೆ ಸುತ್ತಿ ಬೀಳುವುದು ಕಂಡರೆ ತಕ್ಷಣ ಆಂಬುಲೆನ್ಸ್ ಕರೆಯಿರಿ. ಇದಕ್ಕೆ ಮದ್ದು ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್. ಅಲರ್ಜಿ ಮಾತ್ರೆ ಕೊಟ್ಟು ಕಾಯುತ್ತಾ ಕೂರಬೇಡಿ. ರೋಗಿಯನ್ನು ಮಲಗಿಸಿ ಕಾಲು ಎತ್ತರಿಸಿ, ಉಸಿರಾಡಲು ಕಷ್ಟವಾದರೆ ಕೂರಿಸಿ. ಎದ್ದು ನಡೆಯಲು ಬಿಡಬೇಡಿ.

ಸ್ವಲ್ಪ ಭೇದಿ ಆಗುವುದು ಸಾಮಾನ್ಯ. ದಿನಕ್ಕೆ ಮೂರು ಅಥವಾ ಹೆಚ್ಚು ಸಲ ನೀರಿನಂತೆ ಆದರೆ, ರಕ್ತ ಕಂಡರೆ, ಹೊಟ್ಟೆ ಹಿಂಡಿದರೆ, ಜ್ವರ ಮರಳಿದರೆ ವೈದ್ಯರಿಗೆ ಹೇಳಿ. ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾ ಕರುಳಿನಲ್ಲಿ ಬೆಳೆದಿರಬಹುದು. ಕೋರ್ಸ್ ಮುಗಿದು ವಾರಗಳಾದ ಮೇಲೂ ಇದು ಬರಬಹುದು. ಭೇದಿ ನಿಲ್ಲಿಸುವ ಮಾತ್ರೆಯನ್ನು ಕೇಳದೆ ಕೊಡಬೇಡಿ. ಆರೈಕೆ ಮಾಡುವವರು ಸೋಪು, ನೀರಿನಲ್ಲೇ ಕೈ ತೊಳೆಯಬೇಕು. ಸ್ಯಾನಿಟೈಜರ್‌ಗೆ ಇದರ ಬೀಜಕಣಗಳು ಸಾಯುವುದಿಲ್ಲ.

ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ತೆಗೆದುಕೊಳ್ಳುವವರ ಮೂತ್ರ, ಬೆವರು, ಕಣ್ಣೀರು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದು ಅಪಾಯವಲ್ಲ, ಮೊದಲೇ ಹೇಳಿಬಿಟ್ಟರೆ ರೋಗಿ ಹೆದರುವುದಿಲ್ಲ.

ಸರಿಯಾದ ಆ್ಯಂಟಿಬಯೋಟಿಕ್ ಆಗಿದ್ದರೆ 48ರಿಂದ 72 ಗಂಟೆಯೊಳಗೆ ಸುಧಾರಣೆ ಕಾಣಿಸಬೇಕು. ಜ್ವರ ಇಳಿಯಬೇಕು, ಉಸಿರಿನ ಎಣಿಕೆ ಕಡಿಮೆಯಾಗಬೇಕು, ಊಟ ಸೇರಬೇಕು. ಆಗದಿದ್ದರೆ ಕೋರ್ಸ್ ಮುಗಿಯಲಿ ಅಂತ ಕಾಯದೆ ಮತ್ತೆ ತೋರಿಸಿ.

ಇನ್‌ಹೇಲರ್: ಒತ್ತುವುದಕ್ಕಿಂತ ಎಳೆಯುವುದು ಮುಖ್ಯ

ಎರಡು ಬಗೆಯ ಇನ್‌ಹೇಲರ್ ಬರೆದಿರಬಹುದು. ಸಾಲ್ಬುಟಮಾಲ್ ಶ್ವಾಸನಾಳವನ್ನು ಕೆಲವೇ ನಿಮಿಷದಲ್ಲಿ ಸಡಿಲಿಸುತ್ತದೆ, ಪರಿಣಾಮ 4ರಿಂದ 6 ಗಂಟೆ. ಕೈ ನಡುಗುವುದು, ಎದೆ ಹೊಡೆದುಕೊಳ್ಳುವುದು ಇದರಿಂದಲೇ. ಬುಡೆಸೊನೈಡ್, ಫ್ಲುಟಿಕಾಸೋನ್‌ನಂಥ ಸ್ಟೀರಾಯ್ಡ್ ಇನ್‌ಹೇಲರ್ ಒಳಗಿನ ಊತ ಇಳಿಸುತ್ತದೆ. ಅದು ಬರೀ ಸ್ಟೀರಾಯ್ಡ್ ಆಗಿದ್ದರೆ ತಕ್ಷಣ ಆರಾಮ ಕೊಡುವುದಿಲ್ಲ. ಅದಕ್ಕೇ ಜನ ಇದನ್ನು ಬಿಟ್ಟು, ಬೇಗ ಆರಾಮ ಕೊಡುವುದನ್ನೇ ಮತ್ತೆ ಮತ್ತೆ ಒತ್ತುತ್ತಾರೆ. ಆಸ್ಪತ್ರೆಗೆ ವಾಪಸ್ ಬರುವವರಲ್ಲಿ ಇದನ್ನು ಕಂಡಾಗಲೆಲ್ಲ ಬೇಸರವಾಗುತ್ತದೆ. ಎರಡನ್ನೂ ಒಂದೇ ಹೊತ್ತಿಗೆ ಕೊಡಬೇಕಿದ್ದರೆ ಸಾಲ್ಬುಟಮಾಲ್ ಮೊದಲು. ದಾರಿ ತೆರೆದ ಮೇಲೆ, ಸುಮಾರು 5 ನಿಮಿಷ ಬಿಟ್ಟು ಸ್ಟೀರಾಯ್ಡ್.

ಒತ್ತುವ ಇನ್‌ಹೇಲರ್ ಬಳಸುವುದು ಹೀಗೆ. ನೇರ ಕೂರಿಸಿ. ಮುಚ್ಚಳ ತೆಗೆದು ಚೆನ್ನಾಗಿ ಕುಲುಕಿ. ಹೊಸದಾದರೆ ಅಥವಾ ಬಹಳ ದಿನ ಬಳಸದಿದ್ದರೆ ಮೊದಲ ಕೆಲವು ಪಫ್ ಗಾಳಿಗೆ ಬಿಡಿ. ರೋಗಿ ಉಸಿರನ್ನು ಪೂರ್ತಿ ಹೊರಬಿಡಲಿ. ಇನ್‌ಹೇಲರಿನ ಬಾಯಿಗಿಡುವ ತುದಿಯನ್ನು ಹಲ್ಲುಗಳ ನಡುವೆ ಇಟ್ಟು ತುಟಿ ಬಿಗಿಯಾಗಿ ಮುಚ್ಚಲಿ. ನಿಧಾನವಾಗಿ ಉಸಿರೆಳೆಯಲು ಶುರು ಮಾಡಿದ ಆ ಕ್ಷಣಕ್ಕೆ ಒಮ್ಮೆ ಒತ್ತಬೇಕು, ಎಳೆಯುವುದನ್ನು 3ರಿಂದ 5 ಸೆಕೆಂಡ್ ಮುಂದುವರಿಸಬೇಕು. ಆಮೇಲೆ 10 ಸೆಕೆಂಡ್, ಅಥವಾ ಆಗುವಷ್ಟು ಹೊತ್ತು, ಉಸಿರು ಹಿಡಿಯಬೇಕು. ಎರಡನೇ ಪಫ್‌ಗೆ ಅರ್ಧದಿಂದ ಒಂದು ನಿಮಿಷ ಕಾದು ಮತ್ತೆ ಕುಲುಕಿ.

ಒತ್ತುವುದಕ್ಕೂ ಎಳೆಯುವುದಕ್ಕೂ ತಾಳ ತಪ್ಪಿದರೆ ಔಷಧಿ ಗಂಟಲಿನಲ್ಲೇ ನಿಲ್ಲುತ್ತದೆ. ವಯಸ್ಸಾದವರಿಗೂ ಮಕ್ಕಳಿಗೂ ಹೀಗಾಗುವುದೇ ಜಾಸ್ತಿ. ಅವರಿಗೆ ಸ್ಪೇಸರ್ ಕೊಡಿ, ಅಂದರೆ ಇನ್‌ಹೇಲರಿಗೂ ಬಾಯಿಗೂ ನಡುವೆ ಜೋಡಿಸುವ ಟೊಳ್ಳು ಕೊಳವೆ. ಒಂದು ಪಫ್ ಒತ್ತಿ, 5-6 ಸಲ ಮಾಮೂಲಾಗಿ ಉಸಿರಾಡಿದರೂ ಔಷಧಿ ಒಳಗೆ ಹೋಗುತ್ತದೆ. ಸ್ಪೇಸರನ್ನು ಸೋಪಿನ ನೀರಿನಲ್ಲಿ ತೊಳೆದು ಹಾಗೇ ಒಣಗಲು ಬಿಡಿ. ಬಟ್ಟೆಯಿಂದ ಒರೆಸಿದರೆ ಸ್ಥಾಯಿ ವಿದ್ಯುತ್ ಹುಟ್ಟಿ ಔಷಧಿ ಗೋಡೆಗೇ ಅಂಟಿಕೊಳ್ಳುತ್ತದೆ.

ಪುಡಿ ಇನ್‌ಹೇಲರ್ ಇದಕ್ಕೆ ಉಲ್ಟಾ. ಒಂದೇ ಸಲಕ್ಕೆ ಜೋರಾಗಿ, ಆಳವಾಗಿ ಎಳೆಯಬೇಕು. ಅದರೊಳಕ್ಕೆ ಊದಬಾರದು. ಅದರ ಕ್ಯಾಪ್ಸೂಲ್ ನುಂಗುವುದಕ್ಕಲ್ಲ.

ಸ್ಟೀರಾಯ್ಡ್ ಯಾವ ರೂಪದಲ್ಲಿ ಎಳೆದುಕೊಂಡರೂ ಬಾಯಿ ಮುಕ್ಕಳಿಸಿ, ಗಂಟಲು ಗುಳುಗುಳು ಮಾಡಿ ಉಗಿಯಬೇಕು. ಇಲ್ಲದಿದ್ದರೆ ಬಾಯಲ್ಲಿ ಬಿಳಿ ಫಂಗಸ್ ಬೆಳೆಯುತ್ತದೆ, ಧ್ವನಿ ಗೊಗ್ಗರಾಗುತ್ತದೆ. ಆ್ಯಂಟಿಬಯೋಟಿಕ್ ಕೂಡ ನಡೆಯುತ್ತಿದ್ದರೆ ಫಂಗಸ್‌ಗೆ ಇನ್ನೂ ಅನುಕೂಲ. ದಿನಕ್ಕೊಮ್ಮೆ ಟಾರ್ಚ್ ಹಾಕಿ ನಾಲಿಗೆ, ಕೆನ್ನೆಯ ಒಳಭಾಗ ನೋಡಿ.

ನೆಬ್ಯುಲೈಜರ್ (ದ್ರವ ಔಷಧಿಯನ್ನು ಮಂಜಿನಂತೆ ಮಾಡುವ ಯಂತ್ರ) ಕೊಡುವಾಗ ನೇರ ಕೂರಿಸಿ, ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರಲಿ. ಅದರಲ್ಲಿ ಶ್ವಾಸನಾಳ ಸಡಿಲಿಸುವ ಇಪ್ರಾಟ್ರೋಪಿಯಂ ಇದ್ದು, ಮೇಲಿಂದ ಸೋರಿ ಕಣ್ಣಿಗೆ ತಾಗಿದರೆ ಗ್ಲಾಕೋಮಾ ಇರುವವರಿಗೆ ತೊಂದರೆ. ಮುಗಿದ ಮೇಲೆ ಕಪ್ ತೊಳೆದು ಒಣಗಿಸಿ. ಒಬ್ಬರ ಮಾಸ್ಕ್ ಇನ್ನೊಬ್ಬರಿಗೆ ಬೇಡ.

ಎರಡು ಔಷಧಿ ಎದುರುಬದುರಾದಾಗ

ಆ್ಯಂಟಿಬಯೋಟಿಕ್ ಒಬ್ಬರು, ಅಸ್ತಮಾ ಔಷಧಿ ಇನ್ನೊಬ್ಬರು ಬರೆದಿದ್ದರೆ ಇಲ್ಲಿ ಎಡವಟ್ಟಾಗುತ್ತದೆ. ಸಿಪ್ರೊಫ್ಲಾಕ್ಸಸಿನ್, ಎರಿತ್ರೊಮೈಸಿನ್, ಕ್ಲಾರಿತ್ರೊಮೈಸಿನ್ ಮೂರೂ ದೇಹ ಥಿಯೋಫಿಲಿನ್ ಹೊರಹಾಕುವುದನ್ನು ನಿಧಾನಿಸುತ್ತವೆ. ಡೋಸ್ ಅಷ್ಟೇ ಇದ್ದರೂ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ವಾಕರಿಕೆ, ವಾಂತಿ, ನಿದ್ದೆಗೇಡು, ಎದೆಬಡಿತ ಮೊದಲ ಸೂಚನೆಗಳು. ಬಿಟ್ಟರೆ ಫಿಟ್ಸ್ ತನಕ ಹೋಗಬಹುದು. "ಆ್ಯಂಟಿಬಯೋಟಿಕ್ ಅಂದ್ಮೇಲೆ ವಾಂತಿ ಬರೋದೇ" ಅಂತ ಸುಮ್ನೆ ಕೂರಬೇಡಿ. ಧೂಮಪಾನ ಬಿಟ್ಟವರಲ್ಲೂ ಥಿಯೋಫಿಲಿನ್ ಮಟ್ಟ ಏರುತ್ತದೆ. ಬೀಡಿ, ಸಿಗರೇಟ್ ಬಿಟ್ಟದ್ದು ಒಳ್ಳೆಯದೇ, ಅದನ್ನು ವೈದ್ಯರಿಗೂ ಹೇಳಿ.

ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ಜೊತೆ ಸ್ಟೀರಾಯ್ಡ್ ಮಾತ್ರೆ ಸೇರಿದರೆ, ಅದರಲ್ಲೂ 60 ದಾಟಿದವರಲ್ಲಿ, ಹಿಮ್ಮಡಿಯ ಸ್ನಾಯುರಜ್ಜು ಹರಿಯುವ ಅಪಾಯ ಜಾಸ್ತಿ. ಹಿಮ್ಮಡಿ ಮೇಲೆ ನೋವು ಬಂದರೆ ನಡೆಸಬೇಡಿ, ಮುಂದಿನ ಡೋಸ್ ಕೊಡುವ ಮೊದಲು ವೈದ್ಯರಿಗೆ ಫೋನ್ ಮಾಡಿ. ಸ್ಟೀರಾಯ್ಡ್ ಮಾತ್ರೆಯಾದ ಪ್ರೆಡ್ನಿಸೊಲೋನ್ ಅನ್ನು ಬೆಳಿಗ್ಗೆ, ತಿಂಡಿಯಾದ ಮೇಲೆ ಕೊಡಿ. ಸಕ್ಕರೆ ಕಾಯಿಲೆ ಇದ್ದರೆ ಸಕ್ಕರೆ ಏರುತ್ತದೆ, ಮಧ್ಯಾಹ್ನ ಮತ್ತು ಸಂಜೆ ಪರೀಕ್ಷಿಸಿ. ವಾರಗಟ್ಟಲೆ ತೆಗೆದುಕೊಂಡಿದ್ದರೆ ಒಮ್ಮೆಗೇ ನಿಲ್ಲಿಸುವಂತಿಲ್ಲ.

ಅಸ್ತಮಾ, ಅಲರ್ಜಿಗೆ ಕೊಡುವ ಮಾಂಟೆಲುಕಾಸ್ಟ್ ಮಾತ್ರೆ ತೆಗೆದುಕೊಳ್ಳುವವರಲ್ಲಿ, ಮಕ್ಕಳಲ್ಲೂ, ಕೆಟ್ಟ ಕನಸು, ಸಿಡುಕು, ಮಂಕು ಕಂಡರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಈ ಬಗ್ಗೆ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ನೀಡಿದೆ.

ಕಾಯದೆ ಆಸ್ಪತ್ರೆಗೆ ಒಯ್ಯಬೇಕಾದ್ದು ಯಾವಾಗ?

ಒಂದು ವಾಕ್ಯ ಪೂರ್ತಿ ಮಾತಾಡಲು ಆಗದಿದ್ದರೆ, ತುಟಿ ನೀಲಿಯಾದರೆ, ಉಸಿರಾಡುವಾಗ ಪಕ್ಕೆಲುಬಿನ ನಡುವಿನ ಚರ್ಮ ಒಳಕ್ಕೆ ಸೆಳೆದರೆ, ಮಂಪರು ಅಥವಾ ಗೊಂದಲ ಕಾಣಿಸಿದರೆ, ಸಾಲ್ಬುಟಮಾಲ್ ಕೊಟ್ಟರೂ ಆರಾಮವಾಗದಿದ್ದರೆ ಅಥವಾ 4 ಗಂಟೆಯೊಳಗೆ ಮತ್ತೆ ಬೇಕಾದರೆ. ಜೋರಾಗಿದ್ದ ಸುಯ್ ಸುಯ್ ಶಬ್ದ ತಟ್ಟನೆ ನಿಂತು ರೋಗಿ ಸುಸ್ತಾಗಿ ಕಂಡರೆ ಅದನ್ನು ಸುಧಾರಣೆ ಅಂದುಕೊಳ್ಳಬೇಡಿ. ಒಳಗೆ ಗಾಳಿಯೇ ಓಡಾಡುತ್ತಿಲ್ಲ ಅಂತ ಅರ್ಥ.

ಮನೆಯಲ್ಲಿ ಆಮ್ಲಜನಕ ಇದ್ದರೆ ವೈದ್ಯರು ಹೇಳಿದ ಮಟ್ಟಕ್ಕಿಂತ ಏರಿಸಬೇಡಿ. ಸಿಒಪಿಡಿ (ಶ್ವಾಸನಾಳ ಕಿರಿದಾಗಿಯೇ ಉಳಿಯುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರುವವರಿಗೆ ಸಾಮಾನ್ಯ ಗುರಿ ಶೇ 88ರಿಂದ 92. ಅದನ್ನು 99 ಮಾಡಲು ಹೋದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ರೋಗಿ ಮಂಪರಿಗೆ ಜಾರಬಹುದು. ಹತ್ತಿರ ಬೆಂಕಿ, ಸಿಗರೇಟ್ ಬೇಡ. ಮೂಗು ಒಣಗಿದರೆ ಪೆಟ್ರೋಲಿಯಂ ಜೆಲ್ಲಿ ಹಚ್ಚಬೇಡಿ, ನೀರು ಆಧಾರಿತ ಜೆಲ್ ಸಾಕು.

ಮರುಭೇಟಿಗೆ ಹೋಗುವಾಗ ನೋಟ್‌ಬುಕ್, ಉಳಿದ ಮಾತ್ರೆ, ಎಲ್ಲ ಇನ್‌ಹೇಲರ್ ಒಯ್ಯಿರಿ. ಮನೆಯಲ್ಲಿ ಹೇಗೆ ಎಳೆದುಕೊಳ್ಳುತ್ತಾರೋ ಹಾಗೇ ವೈದ್ಯರ ಅಥವಾ ನರ್ಸ್ ಮುಂದೆ ರೋಗಿಯಿಂದ ಒಮ್ಮೆ ಮಾಡಿಸಿ. ಔಷಧಿ ಕೆಲಸ ಮಾಡುತ್ತಿಲ್ಲ ಅಂತ ಡೋಸ್ ಏರಿಸುವ ಮೊದಲು ಅವರು ನೋಡಬೇಕಾದ್ದು ಅದನ್ನೇ.