ಹಿಮಾಲಯದ ತಪ್ಪಲಿನಲ್ಲಿ ಕುಟುಂಬದೊಡನೆ ಕಾರು ಪ್ರವಾಸ: ಕುಮಾಊಂ ಸುತ್ತನ್ನು ಯೋಜಿಸುವ ಬಗೆ

ಮಲೆನಾಡಿನ ಘಾಟಿಗಳಲ್ಲಿ ಓಡಾಡಿ ಪಳಗಿದವರು ಹಿಮಾಲಯದ ತಪ್ಪಲಿಗೆ ಹೊರಟಾಗ ಮಾಡುವ ಮೊದಲ ತಪ್ಪು, ದೂರವನ್ನು ಕಿಲೋಮೀಟರುಗಳಲ್ಲಿ ಎಣಿಸುವುದು. ಆಗುಂಬೆಯಲ್ಲಿ ಹದಿನಾಲ್ಕು ತಿರುವುಗಳನ್ನು ಏರಿದರೆ ಘಾಟಿ ಮುಗಿಯಿತು. ಅಲ್ಲಿಂದ ಮುಂದೆ ರಸ್ತೆ ಸಾವಧಾನವಾಗಿ ಸಾಗುತ್ತದೆ. ಉತ್ತರಾಖಂಡದ ಕುಮಾಊಂ ಪ್ರದೇಶದಲ್ಲಿ ಘಾಟಿ ಮುಗಿಯುವುದೇ ಇಲ್ಲ. ಭೀಮತಾಲದಿಂದ ಅಲ್ಮೋಡಾಕ್ಕೆ ಇರುವ ದೂರ ಸುಮಾರು 60 ಕಿ.ಮೀ. ಮಾತ್ರ. ಆದರೆ ಆ ದಾರಿ ಸುಮಾರು 1,370 ಮೀಟರ್ ಎತ್ತರದ ಭೀಮತಾಲದಿಂದ 1,650 ಮೀಟರ್ ಎತ್ತರದ ಭವಾಲಿಗೆ ಏರಿ, ಅಲ್ಲಿಂದ ಖೈರ್ನಾದ ಬಳಿ ಕೋಸಿ ನದಿಯ ಕಣಿವೆಗೆ ಸಾವಿರ ಮೀಟರಿನ ಆಸುಪಾಸಿಗೆ ಇಳಿದು, ಮತ್ತೆ ಅಲ್ಮೋಡಾದ 1,600 ಮೀಟರಿಗೆ ಹತ್ತುತ್ತದೆ. ಮಕ್ಕಳು, ಹಿರಿಯರು ಜೊತೆಗಿದ್ದರೆ ಇದಕ್ಕೆ ಮೂರು ಗಂಟೆ ಇಟ್ಟುಕೊಳ್ಳಬೇಕು.

ಆದ್ದರಿಂದ ಯೋಜನೆಯ ಮೊದಲ ಹೆಜ್ಜೆಯಾಗಿ, ನಕ್ಷೆ ತೋರಿಸುವ ಪ್ರತಿಯೊಂದು ದೂರವನ್ನೂ ಗಂಟೆಗೆ 20ರಿಂದ 25 ಕಿ.ಮೀ. ವೇಗದಲ್ಲಿ ಭಾಗಿಸಿ ಗಂಟೆಗಳಾಗಿ ಬರೆದಿಟ್ಟುಕೊಳ್ಳಿ. ಊರಿಂದೂರಿಗೆ ಹೋಗುವ ದಿನ ಚಕ್ರದ ಮೇಲಿನ ಸಮಯ ನಾಲ್ಕು ಗಂಟೆಗಳನ್ನು ಮೀರಬಾರದು, ಮತ್ತು ಪ್ರವಾಸದ ಅರ್ಧದಷ್ಟು ದಿನಗಳಾದರೂ ಗಂಟುಮೂಟೆ ಕಟ್ಟುವ ಕೆಲಸವಿಲ್ಲದ ದಿನಗಳಾಗಿರಬೇಕು. ನಮ್ಮ ಮೊದಲ ಪ್ರವಾಸದಲ್ಲಿ ನಾನು ಎಂಟು ದಿನಗಳಿಗೆ ಆರು ಊರುಗಳನ್ನು ಜೋಡಿಸಿದ್ದೆ. ನಾಲ್ಕನೆಯ ದಿನ ಕತ್ತಲಾದ ಮೇಲೆ ಕೌಸಾನಿ ತಲುಪಿದಾಗ ಮಗಳು ಮೂರು ಬಾರಿ ವಾಂತಿ ಮಾಡಿಕೊಂಡಿದ್ದಳು, ಅಮ್ಮನಿಗೆ ಮಂಡಿ ಮಡಿಸಲು ಆಗುತ್ತಿರಲಿಲ್ಲ. ಮರುದಿನ ಬೆಳಗ್ಗೆ ಎದುರಿಗೆ ತ್ರಿಶೂಲ ಶಿಖರ ನಿಚ್ಚಳವಾಗಿ ನಿಂತಿದ್ದರೂ ಅದನ್ನು ನೋಡಲು ಹೊರಗೆ ಬಂದವನು ನಾನೊಬ್ಬನೇ. ಆ ನೋವು ನನಗೆ ಇಂದಿಗೂ ಇದೆ. ಮುಂದಿನ ಸಲ ಎರಡು ಊರುಗಳನ್ನು ಕೈಬಿಟ್ಟು ಹೋದೆವು, ಮತ್ತು ಮನೆಯವರೆಲ್ಲರೂ ಬೆಟ್ಟವನ್ನು ನಿಜವಾಗಿ ನೋಡಿದರು.

ಎರಡನೆಯ ಪ್ರಶ್ನೆ ಕಾಲದ್ದು. ಹಿಮಶಿಖರಗಳನ್ನು ನೋಡುವುದು ಮುಖ್ಯವಾದರೆ ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಿಗೆ ಸಾಟಿಯಿಲ್ಲ; ಮಳೆ ತೊಳೆದ ಗಾಳಿಯಲ್ಲಿ 7,816 ಮೀಟರ್ ಎತ್ತರದ ನಂದಾದೇವಿಯೂ 7,120 ಮೀಟರ್ ಎತ್ತರದ ತ್ರಿಶೂಲವೂ ನಸುಕಿನಲ್ಲೇ ಕಾಣುತ್ತವೆ. ಮಾರ್ಚ್‌ನಿಂದ ಏಪ್ರಿಲ್ ಮಧ್ಯದವರೆಗಿನ ಕಾಲವೂ ಒಳ್ಳೆಯದು, ಆಗ ಬುರಾಂಶ್ ಎಂದು ಅಲ್ಲಿನವರು ಕರೆಯುವ ಕೆಂಪು ಹೂಗಳು ಕಾಡಿನಲ್ಲಿ ಅರಳಿರುತ್ತವೆ. ನಮ್ಮಲ್ಲಿ ಹೆಚ್ಚಿನವರು ಮಕ್ಕಳ ಬೇಸಿಗೆ ರಜೆಯ ಕಾರಣದಿಂದ ಮೇ ತಿಂಗಳಲ್ಲೇ ಹೋಗುತ್ತಾರೆ. ಹೋಗಬಾರದೆಂದಲ್ಲ, ಆದರೆ ಆಗ ಬಯಲಿನ ಧೂಳೂ ಒಣ ಪೈನ್ ಎಲೆಗಳಿಂದ ಹಬ್ಬುವ ಕಾಳ್ಗಿಚ್ಚಿನ ಹೊಗೆಯೂ ಸೇರಿ ಶಿಖರಗಳನ್ನು ದಿನಗಟ್ಟಲೆ ಮರೆಮಾಡಬಹುದು ಎಂಬುದನ್ನು ತಿಳಿದೇ ಹೊರಡಬೇಕು. ಜೂನ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗಿನ ಮಳೆಗಾಲದಲ್ಲಿ ಕುಟುಂಬದೊಡನೆ ಈ ರಸ್ತೆಗಳಿಗೆ ಇಳಿಯುವುದನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ. ಹಿಮಾಲಯ ಇನ್ನೂ ಬೆಳೆಯುತ್ತಿರುವ, ಬಿರುಕು ಬಿಟ್ಟ ಸಡಿಲ ಬಂಡೆಗಳ ಪರ್ವತ. ಅಗಲಗೊಳಿಸಲೆಂದು ಕಡಿದ ಇಳಿಜಾರಿಗೆ ಎರಡು ದಿನ ಜಡಿಮಳೆ ಬಿದ್ದರೆ ಗುಡ್ಡ ರಸ್ತೆಯ ಮೇಲೆಯೇ ಕುಸಿಯುತ್ತದೆ. ಡಿಸೆಂಬರ್, ಜನವರಿಗಳಲ್ಲಿ ಅಪಾಯ ಬೇರೆಯದು: ಬಿಸಿಲು ತಾಗದ ತಿರುವುಗಳಲ್ಲಿ ಇಬ್ಬನಿ ಹೆಪ್ಪುಗಟ್ಟಿ ಕಣ್ಣಿಗೆ ಕಾಣದ ಮಂಜಿನ ಪದರವಾಗುತ್ತದೆ. ಸ್ಥಳೀಯರು ಇದನ್ನು ಪಾಲಾ ಎನ್ನುತ್ತಾರೆ. ಆ ತಿಂಗಳುಗಳಲ್ಲಿ ಬೆಳಗ್ಗೆ ಒಂಬತ್ತಕ್ಕೆ ಮೊದಲು ಹೊರಡದಿರುವುದು ಲೇಸು.

ದಾರಿಯ ವಿಷಯಕ್ಕೆ ಬಂದರೆ, ಮೊದಲ ಸಲ ಹೋಗುವ ಕುಟುಂಬಕ್ಕೆ ನಾನು ಸೂಚಿಸುವುದು ಕಾಠ್‌ಗೋದಾಮ್‌ನಲ್ಲಿ ಆರಂಭಿಸಿ ರಾಮನಗರದಲ್ಲಿ ಮುಗಿಯುವ, ಹತ್ತು ದಿನಗಳ ಸುತ್ತು. ದೆಹಲಿಯಿಂದಲೇ ಕಾರಿನಲ್ಲಿ ಹೊರಟರೆ ಸುಮಾರು 280 ಕಿ.ಮೀ. ಬಯಲು ರಸ್ತೆಯಲ್ಲೇ ಒಂದು ದಿನವೂ ಮನೆಯವರ ಉತ್ಸಾಹದ ಒಂದು ಪಾಲೂ ಕರಗಿಹೋಗುತ್ತವೆ. ದೆಹಲಿಯಿಂದ ರಾತ್ರಿ ಹೊರಡುವ ರಾಣಿಖೇತ್ ಎಕ್ಸ್‌ಪ್ರೆಸ್ ಬೆಳಗಿನ ಜಾವ ಕಾಠ್‌ಗೋದಾಮ್ ಮುಟ್ಟಿಸುತ್ತದೆ. ರೈಲು ಹಳಿ ಅಲ್ಲಿಗೇ ಕೊನೆಗೊಳ್ಳುತ್ತದೆ, ಬೆಟ್ಟ ಅಲ್ಲಿಂದಲೇ ಆರಂಭವಾಗುತ್ತದೆ. ಕಾರನ್ನು ಅಲ್ಲಿಗೇ ಬರಹೇಳಿದರೆ ಸಾಕು.

ಮೊದಲ ಎರಡು ರಾತ್ರಿಗಳನ್ನು ಭೀಮತಾಲದಲ್ಲಿ ಕಳೆಯಿರಿ. ಕಾಠ್‌ಗೋದಾಮ್‌ನಿಂದ ಒಂದು ಗಂಟೆಯಷ್ಟೇ ದಾರಿ, ಸರೋವರದ ಸುತ್ತ ನಡೆದಾಡಲು ಸ್ಥಳವಿದೆ, ಮತ್ತು ನೈನಿತಾಲಕ್ಕೆ ಹಗಲಿನಲ್ಲಿ ಹೋಗಿಬರಬಹುದು. ನೈನಿತಾಲದಲ್ಲಿಯೇ ತಂಗುವುದಕ್ಕಿಂತ ಇದು ಹಿತಕರ, ಏಕೆಂದರೆ ಬೇಸಿಗೆಯ ವಾರಾಂತ್ಯಗಳಲ್ಲಿ ಪಾರ್ಕಿಂಗ್ ತುಂಬಿದೊಡನೆ ಪೊಲೀಸರು ಹೊರಗಿನ ವಾಹನಗಳನ್ನು ಊರಿನ ಆಚೆಯೇ ತಡೆದು ನಿಲ್ಲಿಸುವುದುಂಟು. ಮೂರನೆಯ ದಿನ ಅಲ್ಮೋಡಾಕ್ಕೆ ಹೋಗುವಾಗ ಕೈಂಚಿ ಧಾಮದ ಬಳಿ ವಾಹನ ಸಾಲುಗಟ್ಟಿ ನಿಲ್ಲುವುದು ಸಾಮಾನ್ಯವಾದ್ದರಿಂದ ವಾರದ ನಡುವಿನ ದಿನವನ್ನು ಆರಿಸಿಕೊಂಡು ಬೇಗ ಹೊರಡಿ. ಜೂನ್ 15ರಂದು ಅಲ್ಲಿ ದೊಡ್ಡ ಜಾತ್ರೆ ನಡೆಯುವುದರಿಂದ ಆ ದಿನದ ಆಸುಪಾಸಿನಲ್ಲಿ ಈ ದಾರಿಯನ್ನು ತಪ್ಪಿಸಬೇಕು. ಖೈರ್ನಾದಿಂದ ಮುಂದೆ ಕಾಕಡೀಘಾಟ್ ಎಂಬಲ್ಲಿ ನದಿಯ ದಡಕ್ಕೆ ಇಳಿದು ಅರ್ಧ ಗಂಟೆ ಕುಳಿತುಕೊಳ್ಳಿ. ಸ್ವಾಮಿ ವಿವೇಕಾನಂದರು 1890ರಲ್ಲಿ ಧ್ಯಾನಕ್ಕೆ ಕುಳಿತ ಅರಳಿಮರದ ತಾಣ ಅದು. ಏರುದಾರಿಗೆ ಮುನ್ನ ಮಕ್ಕಳ ಹೊಟ್ಟೆ ನೆಲೆಗೊಳ್ಳಲು ಬೇಕಾದ ಬಿಡುವೂ ಅಲ್ಲಿಯೇ ಸಿಗುತ್ತದೆ.

ಅಲ್ಮೋಡಾದಲ್ಲಿ ಎರಡು ರಾತ್ರಿ. ಪೇಟೆಯ ಗದ್ದಲ ಬೇಡವೆನ್ನುವವರು ಕೆಲವು ಕಿ.ಮೀ. ದೂರದ ಕಸಾರ್ ದೇವಿ ಬೆಟ್ಟಸಾಲಿನಲ್ಲಿ ಉಳಿಯಬಹುದು. ಇಲ್ಲಿಂದ 36 ಕಿ.ಮೀ. ದೂರದ ಜಾಗೇಶ್ವರದಲ್ಲಿ ದೇವದಾರು ಮರಗಳ ನೆರಳಿನಲ್ಲಿ ನೂರಕ್ಕೂ ಹೆಚ್ಚು ಕಲ್ಲಿನ ಗುಡಿಗಳಿವೆ, ಅದಕ್ಕೆ ಒಂದು ಪೂರ್ತಿ ದಿನ ಕೊಡಿ. ಐದನೆಯ ದಿನ ಕೌಸಾನಿಗೆ 52 ಕಿ.ಮೀ. ಪ್ರಯಾಣ. ಸೋಮೇಶ್ವರದ ಮೂಲಕ ಸಾಗುವ ಈ ದಾರಿ ಮತ್ತೆ ಅದೇ ಕೋಸಿ ನದಿಯ ಜೊತೆಜೊತೆಗೆ ಹೋಗುತ್ತದೆ. ಕೌಸಾನಿಯ ಸಮೀಪದ ಬೆಟ್ಟಗಳಲ್ಲೇ ಹುಟ್ಟುವ ಈ ನದಿ ನಿಮ್ಮ ಪ್ರವಾಸದ ಕೊನೆಯಲ್ಲಿ ರಾಮನಗರದಲ್ಲಿ ಅಗಲವಾಗಿ ಬಯಲಿಗಿಳಿಯುವುದನ್ನೂ ನೀವು ಕಾಣುವಿರಿ. ಮಕ್ಕಳ ಕೈಗೆ ಒಂದು ಕಾಗದದ ನಕ್ಷೆ ಕೊಟ್ಟು ನದಿಯನ್ನು ಸೇತುವೆಯಿಂದ ಸೇತುವೆಗೆ ಗುರುತಿಸಲು ಹೇಳಿ. ಯಾವ ಮೊಬೈಲ್ ಆಟಕ್ಕಿಂತಲೂ ಚೆನ್ನಾಗಿ ಅದು ಅವರ ಗಮನವನ್ನು ಹಿಡಿದಿಡುತ್ತದೆ. ಗಾಂಧೀಜಿ 1929ರಲ್ಲಿ ತಂಗಿದ್ದ ಅನಾಸಕ್ತಿ ಆಶ್ರಮ ಇರುವ ಕೌಸಾನಿಯಲ್ಲಿ ಎರಡು ರಾತ್ರಿ ಇರಲೇಬೇಕು, ಏಕೆಂದರೆ ಒಂದು ಬೆಳಗು ಮೋಡ ಮುಸುಕಿದರೆ ಇನ್ನೊಂದು ಉಳಿದಿರುತ್ತದೆ. ಮುಂದೆ ರಾಣಿಖೇತ್‌ನಲ್ಲಿ ಒಂದು ರಾತ್ರಿ, ಅಲ್ಲಿಂದ ಸುಮಾರು 95 ಕಿ.ಮೀ. ಇಳಿದು ರಾಮನಗರದಲ್ಲಿ ಎರಡು ರಾತ್ರಿ. ಈ ಕೊನೆಯ ಇಳಿಕೆಯ ದಿನವೇ ಇಡೀ ಪ್ರವಾಸದ ದೀರ್ಘ ದಿನ. ಬೆಳಗ್ಗೆ ಎಂಟಕ್ಕೆ ಹೊರಟುಬಿಡಿ.

ರಾಮನಗರದಲ್ಲಿರುವುದು 1936ರಲ್ಲಿ ಸ್ಥಾಪನೆಯಾದ, ಭಾರತದ ಮೊದಲ ರಾಷ್ಟ್ರೀಯ ಉದ್ಯಾನವಾದ ಕಾರ್ಬೆಟ್. ಸಫಾರಿಯ ಪರವಾನಗಿಗೆ ದಿನಕ್ಕೆ ಇಂತಿಷ್ಟೇ ಎಂಬ ಮಿತಿಯಿರುವುದರಿಂದ ಅರಣ್ಯ ಇಲಾಖೆಯ ಅಧಿಕೃತ ಜಾಲತಾಣದಲ್ಲಿ ಅದನ್ನು ಮೊದಲು ಕಾಯ್ದಿರಿಸಿ, ಆಮೇಲೆ ಉಳಿದ ಊರುಗಳ ದಿನಾಂಕಗಳನ್ನು ಅದಕ್ಕೆ ಹೊಂದಿಸಿಕೊಳ್ಳುವುದು ಸರಿಯಾದ ಕ್ರಮ. ಢಿಕಾಲಾ ವಲಯ ಜೂನ್ ಮಧ್ಯದಿಂದ ನವೆಂಬರ್ ಮಧ್ಯದವರೆಗೆ ಮುಚ್ಚಿರುತ್ತದೆ. ಕಾಯ್ದಿರಿಸುವಾಗ ಕೊಟ್ಟ ಗುರುತಿನ ಚೀಟಿಯ ಮೂಲಪ್ರತಿಯನ್ನೇ ಜೊತೆಗೆ ಒಯ್ಯಬೇಕು.

ಇನ್ನು ವಾಹನ ಮತ್ತು ಚಾಲಕ. ಸ್ವತಃ ಓಡಿಸುವ ಆಸೆ ಎಷ್ಟೇ ಇದ್ದರೂ ಮೊದಲ ಬಾರಿಗೆ ಸ್ಥಳೀಯ ಚಾಲಕರೊಡನೆ ಹೋಗುವುದೇ ಕ್ಷೇಮ, ಏಕೆಂದರೆ ಯಾವ ತಿರುವಿನಲ್ಲಿ ಕಲ್ಲು ಉರುಳುತ್ತದೆ, ಯಾವ ದಾರಿ ನಿನ್ನೆಯಿಂದ ಮುಚ್ಚಿದೆ ಎಂಬುದು ಅವರಿಗೆ ಎದುರಿನಿಂದ ಬರುವ ಮತ್ತೊಬ್ಬ ಚಾಲಕನ ಕೈಸನ್ನೆಯಿಂದಲೇ ತಿಳಿಯುತ್ತದೆ. ಏಳು ಆಸನಗಳ ಕಾರಿನಲ್ಲಿ ಏಳು ಜನ ಕುಳಿತರೆ ಸಾಮಾನಿಗೆ ಸ್ಥಳವಿರುವುದಿಲ್ಲ, ಕೊನೆಯ ಸಾಲಿನಲ್ಲಿ ಕುಳಿತವರಿಗೆ ತಿರುವುಗಳ ತೂಗಾಟ ಎಲ್ಲರಿಗಿಂತ ಹೆಚ್ಚು. ಆದ್ದರಿಂದ ಅಂಥ ಕಾರಿಗೆ ಐದು ಜನರೆಂದು ಲೆಕ್ಕ ಹಾಕಿ. ದಿನದ ಬಾಡಿಗೆಯಲ್ಲಿ ಇಂಧನ, ಟೋಲ್, ಪಾರ್ಕಿಂಗ್, ಚಾಲಕರ ಊಟ ಮತ್ತು ರಾತ್ರಿ ವಸತಿ ಸೇರಿವೆಯೇ ಎಂಬುದನ್ನು ವಾಟ್ಸ್‌ಆ್ಯಪ್‌ನಲ್ಲಿ ಬರಹದ ಮೂಲಕ ಖಚಿತಪಡಿಸಿಕೊಳ್ಳಬೇಕು. ಚಾಲಕರಿಗೆ ಮಲಗಲು ಕೋಣೆ ಇದೆಯೇ ಎಂದು ಪ್ರತಿ ಹೋಟೆಲಿನಲ್ಲೂ ಮುಂಚಿತವಾಗಿ ಕೇಳಿ. ಕಾರಿನ ಸೀಟಿನಲ್ಲಿ ಚಳಿಗೆ ಮುದುಡಿ ಮಲಗಿದವರ ಕೈಗೆ ಮರುದಿನ ನಮ್ಮ ಮಕ್ಕಳ ಪ್ರಾಣವನ್ನು ಒಪ್ಪಿಸುವುದು ಅನ್ಯಾಯವೂ ಹೌದು, ಅಪಾಯವೂ ಹೌದು.

ನೀವೇ ಓಡಿಸುವಿರಾದರೆ ಬ್ರೇಕು ಮತ್ತು ಟೈರುಗಳನ್ನು ಹೊರಡುವ ಮೊದಲು ಪರೀಕ್ಷಿಸಿಕೊಳ್ಳಿ. ಹತ್ತಿದ ಗೇರಿನಲ್ಲೇ ಇಳಿಯುವುದು ಬೆಟ್ಟದ ಹಳೆಯ ಪಾಠ: ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಇಕ್ಕಟ್ಟಾದ ಸ್ಥಳದಲ್ಲಿ ಇಳಿಯುವ ವಾಹನ ನಿಂತು ಏರುವ ವಾಹನಕ್ಕೆ ದಾರಿ ಬಿಡಬೇಕೆಂಬುದು ನಮ್ಮ ದೇಶದ ಸಂಚಾರ ನಿಯಮವೇ ಆಗಿದೆ. ಮೊಬೈಲಿನ ನಕ್ಷೆ ಹತ್ತು ನಿಮಿಷ ಉಳಿಸಲೆಂದು ತೋರಿಸುವ ಹಳ್ಳಿಯ ಒಳದಾರಿಗಳನ್ನು ಸ್ಥಳೀಯರನ್ನು ಕೇಳದೆ ಹಿಡಿಯಬಾರದು. ಕಾರೊಂದೇ ಹಿಡಿಸುವ ಅಗಲ, ಹಿಂದಕ್ಕೆ ತಿರುಗಿಸಲು ಸ್ಥಳವಿಲ್ಲ. ಸಂಜೆ ಐದರೊಳಗೆ ತಂಗುವ ಊರನ್ನು ಸೇರಿರಬೇಕು.

ವಾಂತಿಯ ವಿಷಯವನ್ನು ಯಾರೂ ಯೋಜನೆಯ ಭಾಗವೆಂದು ಎಣಿಸುವುದಿಲ್ಲ, ಆದರೆ ಕುಟುಂಬ ಪ್ರವಾಸದ ಸುಖದುಃಖ ಬಹುಮಟ್ಟಿಗೆ ಅದರ ಮೇಲೆಯೇ ನಿಂತಿದೆ. ಒಳಕಿವಿ ಚಲನೆಯನ್ನು ಅರಿಯುತ್ತಿರುವಾಗ ಕಣ್ಣು ಪುಸ್ತಕವನ್ನೋ ಮೊಬೈಲನ್ನೋ ನೋಡುತ್ತಿದ್ದರೆ ಮೆದುಳಿಗೆ ಬರುವ ಎರಡು ಸುದ್ದಿಗಳು ಹೊಂದುವುದಿಲ್ಲ; ಹೊಟ್ಟೆ ತೊಳಸುವುದು ಅದರಿಂದ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಇದು ಹೆಚ್ಚು. ಹೊರಡುವ ಒಂದು ಗಂಟೆ ಮೊದಲು ಎಣ್ಣೆಯಿಲ್ಲದ ಲಘು ಆಹಾರ ಕೊಡಿ, ಖಾಲಿ ಹೊಟ್ಟೆಯಲ್ಲಿ ಕರೆದೊಯ್ಯಬೇಡಿ, ಕಿಟಕಿಯನ್ನು ತುಸು ತೆರೆದು ದೂರದ ಬೆಟ್ಟವನ್ನು ನೋಡಲು ಹೇಳಿ, ಪ್ರತಿ ಗಂಟೆಗೊಮ್ಮೆ ಹತ್ತು ನಿಮಿಷ ಇಳಿದು ನಡೆಯಿರಿ. ಮಾತ್ರೆ ಬೇಕೆನಿಸಿದರೆ ನಿಮ್ಮ ವೈದ್ಯರನ್ನು ಕೇಳಿ ಪ್ರಮಾಣವನ್ನು ಬರೆಸಿಕೊಂಡೇ ಹೊರಡಬೇಕು. ವಾಂತಿ ಆರಂಭವಾದ ಮೇಲೆ ಕೊಟ್ಟ ಮಾತ್ರೆಯಿಂದ ಹೆಚ್ಚು ಪ್ರಯೋಜನವಿಲ್ಲ. ಎತ್ತರದ ಕಾಯಿಲೆಗೆ ಇಲ್ಲಿ ಹೆದರಬೇಕಾಗಿಲ್ಲ, ಅದು ಸಾಮಾನ್ಯವಾಗಿ 2,500 ಮೀಟರಿಗಿಂತ ಮೇಲೆ ಕಾಡುವಂಥದ್ದು.

ಕೋಣೆ ಕಾಯ್ದಿರಿಸುವಾಗ ಚಿತ್ರಗಳನ್ನು ನೋಡುವುದಕ್ಕಿಂತ ಫೋನು ಮಾಡಿ ಒಂದು ಪ್ರಶ್ನೆ ಕೇಳುವುದು ಮುಖ್ಯ: ಕಾರು ನಿಲ್ಲುವ ಸ್ಥಳದಿಂದ ಕೋಣೆಗೆ ಎಷ್ಟು ಮೆಟ್ಟಿಲುಗಳಿವೆ? ಈ ಊರುಗಳೆಲ್ಲ ಇಳಿಜಾರಿಗೆ ಅಂಟಿಕೊಂಡಿರುವುದರಿಂದ ಒಳ್ಳೆಯ ನೋಟವಿರುವ ಕೋಣೆ ರಸ್ತೆಯಿಂದ ನೂರು ಮೆಟ್ಟಿಲು ಕೆಳಗೋ ಮೇಲೋ ಇರಬಹುದು, ಮತ್ತು ಆ ಒಂದು ಸಂಗತಿ ಹಿರಿಯರ ಎರಡು ದಿನಗಳನ್ನು ಕೋಣೆಯೊಳಗೇ ಕಟ್ಟಿಹಾಕಬಲ್ಲದು. ಬಿಸಿನೀರು ಯಾವ ಹೊತ್ತಿನಲ್ಲಿ ಬರುತ್ತದೆ, ವಿದ್ಯುತ್ ಹೋದರೆ ಏನು ವ್ಯವಸ್ಥೆ ಎಂಬುದನ್ನೂ ಕೇಳಿ. ಪ್ರತಿ ಸಾವಿರ ಮೀಟರ್ ಏರಿಕೆಗೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುವುದರಿಂದ, ರಾಮನಗರದಲ್ಲಿ ಸೆಕೆಯಿದ್ದ ದಿನವೇ ಕೌಸಾನಿಯಲ್ಲಿ ಸ್ವೆಟರ್ ಬೇಕಾಗುತ್ತದೆ. ಎರಡು ಬಗೆಯ ಬಟ್ಟೆಗಳನ್ನೂ ಕೈಗೆ ಸಿಗುವಂತೆ ಇಡಿ.

ಹಣದ ವಿಷಯದಲ್ಲಿ, ನೆಟ್‌ವರ್ಕ್ ಇಲ್ಲದೆಡೆ ಯುಪಿಐ ನಡೆಯದಿರುವುದರಿಂದ ಎರಡು ದಿನದ ಖರ್ಚಿನಷ್ಟು ನಗದು ಸದಾ ಜೊತೆಯಲ್ಲಿರಲಿ. ನಕ್ಷೆಗಳನ್ನು ಮೊದಲೇ ಮೊಬೈಲಿಗೆ ಇಳಿಸಿಕೊಳ್ಳಿ. ಈ ಸುತ್ತಿನಲ್ಲಿ ದೊಡ್ಡ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿರುವುದು ಹಲ್ದ್ವಾನಿ ಮತ್ತು ಅಲ್ಮೋಡಾಗಳಲ್ಲಿ. ತುರ್ತು ಸಂಖ್ಯೆ 112, ಆಂಬುಲೆನ್ಸಿಗೆ 108.

ಕೊನೆಯದಾಗಿ, ಹತ್ತು ದಿನಗಳ ಸುತ್ತಿಗೆ ಹನ್ನೊಂದು ದಿನಗಳ ರಜೆ ತೆಗೆದುಕೊಳ್ಳಿ. ಹವಾಮಾನ ಇಲಾಖೆ ಆರೆಂಜ್ ಅಥವಾ ರೆಡ್ ಅಲರ್ಟ್ ಕೊಟ್ಟ ದಿನ ಇದ್ದ ಊರಿನಲ್ಲೇ ಉಳಿಯಲು ಆ ಹೆಚ್ಚಿನ ದಿನ ಬೇಕು. ಅದು ಬಳಕೆಯಾಗದಿದ್ದರೆ ರಾಮನಗರದಲ್ಲೇ ಉಳಿಯಬಹುದು. ಬೆಟ್ಟದಿಂದ ಇಳಿದ ದಿನವೇ ವಿಮಾನ ಹಿಡಿಯುವಂತೆ ಟಿಕೆಟ್ ಮಾಡಿಸಬೇಡಿ. ರಾಮನಗರದಿಂದ ದೆಹಲಿಗೆ ರೈಲುಗಳಿವೆ. ಅದರ ಮರುದಿನಕ್ಕೆ ವಿಮಾನದ ಟಿಕೆಟ್ ಇರಲಿ.